ಗುಬ್ಬಿಯ ಮಳೆಯ ಲೆಕ್ಕ ಕಡಲ ತಳದಲ್ಲಿ

ಕಡಲನ್ನು ಒಮ್ಮೆಯೂ ಕಾಣದ ಜನ ತಮ್ಮ ಕೆರೆಗಳಿಗೆ ಸಮುದ್ರ, ಸಾಗರ ಎಂದು ಹೆಸರಿಟ್ಟ ನಾಡು ನಮ್ಮದು. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದು ಒಂದು ಕೆರೆಯಿಂದ. ದಾವಣಗೆರೆ ಸೀಮೆಯ ಸೂಳೆಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರಿದೆ. ಅನಂತಪುರದ ಮಗ್ಗುಲಲ್ಲಿ ಬುಕ್ಕರಾಯಸಮುದ್ರವಿದೆ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಉತ್ಪ್ರೇಕ್ಷೆ ಎಂದು ಗುರುತು ಹಾಕಿಕೊಂಡು ಮುಂದಕ್ಕೆ ಹೋಗಬಹುದು. ನನಗೆ ಮಾತ್ರ ಕಳೆದ ಎರಡು ಮೂರು ವರ್ಷಗಳಿಂದ ಕೆರೆಗೂ ಕಡಲಿಗೂ ಇರುವ ಇನ್ನೊಂದು ನಂಟು ಬೆನ್ನು ಹತ್ತಿದೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಕೆರೆಗಳ ಚರಿತ್ರೆ ನನ್ನ ಪಿಎಚ್‌.ಡಿ. ವಿಷಯ. ಕೆರೆ ಕಟ್ಟಿಸಿದವರು ಯಾರು, ಏರಿ ಒಡೆದಾಗ ಕಟ್ಟಿದವರು ಯಾರು, ನೀರು ಬಿಡುವ ನೀರುಗಂಟಿಗೆ ಏನು ಸಲ್ಲುತ್ತಿತ್ತು, ಇವಕ್ಕೆಲ್ಲ ಶಾಸನಗಳಲ್ಲಿ, ಕಡತಗಳಲ್ಲಿ ಉತ್ತರ ಸಿಗುತ್ತದೆ. ಕೆರೆ ಯಾವ ವರ್ಷ ತುಂಬಿತು, ಯಾವ ವರ್ಷ ತುಂಬಲಿಲ್ಲ ಎಂಬ ಸರಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದನ್ನು ಹುಡುಕುತ್ತಾ ಹೊರಟರೆ ದಾರಿ ಪಡುವಣದ ಕಡೆಗೆ, ತುಮಕೂರಿನಿಂದ 200 ಕಿಲೋಮೀಟರಿಗೂ ದೂರವಿರುವ ಅರಬ್ಬೀ ಸಮುದ್ರದ ತಳಕ್ಕೆ ಕರೆದೊಯ್ಯುತ್ತದೆ.

ಶಾಸನದಲ್ಲಿ ಶನಿ ಇದ್ದಾನೆ, ಮಳೆ ಇಲ್ಲ

ತುಮಕೂರು ಜಿಲ್ಲೆಗೆ ಶಾಸನಗಳ ಬಡತನವಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ಪೂರ್ತಿ ಈ ಜಿಲ್ಲೆಗೇ ಮೀಸಲು. ಅದು ಅಚ್ಚಾದದ್ದು 1904ರಲ್ಲಿ. ಅದಕ್ಕೂ ಮೊದಲೇ ವಿದ್ವಾಂಸರ ಗಮನ ಸೆಳೆದ ದೊಡ್ಡ ದಾಖಲೆ ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಪಟಗಳು. ರಾಷ್ಟ್ರಕೂಟರ ಮೂರನೆಯ ಗೋವಿಂದನ ಕಾಲದ, ಕ್ರಿ.ಶ. 812ರ ಸುಮಾರಿನ ದಾನಪತ್ರ ಇದು. ಅರ್ಕಕೀರ್ತಿ ಎಂಬ ಜೈನಮುನಿಗೆ ಜಾಲಮಂಗಲ ಎಂಬ ಊರನ್ನು ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಕಾರಣವೂ ಸ್ವಾರಸ್ಯಕರ: ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಪೀಡೆಯನ್ನು ಆ ಮುನಿ ಬಿಡಿಸಿದ್ದರಂತೆ. ಕುನುಂಗಿಲ್ ಎಂದರೆ ಇಂದಿನ ಕುಣಿಗಲ್.

ಸಾವಿರದ ಇನ್ನೂರು ವರ್ಷ ಹಿಂದೆ ಕುಣಿಗಲ್ಲಿನ ಒಡೆಯನಿಗೆ ಶನಿಕಾಟವಿತ್ತು ಎಂಬುದು ನಮಗೆ ಗೊತ್ತು. ಆ ವರ್ಷ ಕುಣಿಗಲ್ಲಿನಲ್ಲಿ ಮಳೆಯಾಯಿತೇ ಎಂಬುದು ಗೊತ್ತಿಲ್ಲ. ಶಾಸನ ಬರೆಯಿಸಿದವರು ತಿಥಿ, ವಾರ, ನಕ್ಷತ್ರವನ್ನು ತಪ್ಪದೆ ಕೆತ್ತಿಸುತ್ತಿದ್ದರು. ಕೆರೆಗೆ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆಯ ವಿವರವನ್ನು ಗದ್ದೆಯ ಮೂಲೆ ಮೂಲೆಯ ಗುರುತಿನೊಂದಿಗೆ ಹೇಳುತ್ತಿದ್ದರು. ಮಳೆ ಬಂದರೆ ಅದು ಕಲ್ಲಿನಲ್ಲಿ ಬರೆಯುವ ಸಂಗತಿಯಾಗಿರಲಿಲ್ಲ. ಬಾರದಿದ್ದರೆ ಬರೆಯಿಸುವವರ ಕೈಯಲ್ಲಿ ದುಡ್ಡಿರಲಿಲ್ಲ.

ಜನಪದದಲ್ಲಿ ಇದರ ನೆನಪಿದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲಿಗೆ ನೂಕಿದ್ದು ನೀರು ಬಾರದ ಕೆರೆ. ಕುಣಿಗಲ್ ಕೆರೆಯ ಚೆಲುವನ್ನು ಹೊಗಳುವ ಹಾಡು ನಾಡಿಗೆಲ್ಲ ಗೊತ್ತು. ಅಲ್ಲಿ ಕೆರೆ ತುಂಬಿದೆ. ಆದರೆ ಹಾಡಿಗೆ ಇಸವಿಯಿಲ್ಲ. ಬರಿದಾದ ಕೆರೆಯ ದುಃಖವೂ ತುಂಬಿದ ಕೆರೆಯ ಸಂತೋಷವೂ ಎಲ್ಲ ಕಾಲಕ್ಕೂ ಸೇರಿದ್ದಾಗಿಬಿಡುತ್ತವೆ. ಚರಿತ್ರೆಗೆ ಬೇಕಾದದ್ದು ಯಾವ ಕಾಲದ ದುಃಖ ಎಂಬ ವಿವರ.

ಮಳೆಮಾಪಕದ ಲೆಕ್ಕ ನಮ್ಮ ಕಡೆ ಕ್ರಮವಾಗಿ ಸಿಗುವುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅಂದರೆ ಗುಬ್ಬಿಯ ಮಳೆಗೆ ಅಂಕಿಯ ರೂಪದಲ್ಲಿ ಇರುವ ಆಯುಸ್ಸು ಸುಮಾರು ಒಂದೂವರೆ ಶತಮಾನ. ಕೆರೆಗಳ ಆಯುಸ್ಸು ಸಾವಿರ ವರ್ಷ. ನಡುವಿನ ಅವಧಿಯನ್ನು ಯಾರನ್ನು ಕೇಳುವುದು?

ಗೋಡು ಎತ್ತಿದವರು

ಮೊದಲು ಹೊಳೆಯುವ ಉತ್ತರ, ಕೆರೆಯನ್ನೇ ಕೇಳುವುದು. ಪ್ರತಿ ಮಳೆಗಾಲವೂ ಕೆರೆಗೆ ನೀರಿನ ಜೊತೆ ಮಣ್ಣು ತರುತ್ತದೆ. ಜೋರು ಮಳೆಯ ವರ್ಷ ಮರಳು ಮಿಶ್ರಿತ ದಪ್ಪ ಪದರ, ಸಣ್ಣ ಮಳೆಯ ವರ್ಷ ನಯವಾದ ತೆಳು ಪದರ. ಜೊತೆಗೆ ಸುತ್ತಲಿನ ಗಿಡಮರಗಳ ಪರಾಗ, ನೀರಿನಲ್ಲಿದ್ದ ಪಾಚಿಯ ಅವಶೇಷ, ಸಣ್ಣ ಶಂಖುಗಳು. ತಳದವರೆಗೆ ಕೊಳವೆ ಇಳಿಸಿ ಮೇಲೆತ್ತಿದರೆ ಪದರ ಪದರವಾಗಿ ಕಾಲವೇ ಮೇಲೆ ಬರಬೇಕು. ಜಗತ್ತಿನ ಅನೇಕ ಸರೋವರಗಳಲ್ಲಿ ವಿಜ್ಞಾನಿಗಳು ಹೀಗೆಯೇ ಹಳೆಯ ಹವಾಮಾನವನ್ನು ಓದಿದ್ದಾರೆ.

ನಮ್ಮ ಕೆರೆಗಳಲ್ಲಿ ಇದು ಕಷ್ಟ. ಕಾರಣ ನಮ್ಮ ಹಿರಿಯರ ಸೋಮಾರಿತನವಲ್ಲ, ಅವರ ಕೆಲಸ. ಕೆರೆಯ ಹೂಳನ್ನು ತೆಗೆಯಲು ಬಂಡಿ, ಕೋಣ, ಆಳುಗಳಿಗಾಗಿ ಭೂಮಿ ಬಿಟ್ಟ ವಿವರಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ರೈತರ ಹಳೆಯ ರೂಢಿ. ಅದು ಒಳ್ಳೆಯ ಗೊಬ್ಬರ. ಹೀಗೆ ಶತಮಾನಗಳ ಮಳೆಯ ದಾಖಲೆ ಗಾಡಿ ಏರಿ ರಾಗಿಹೊಲಕ್ಕೆ ಹೋಗಿ ರಾಗಿಯಾಗಿ ಊಟದ ತಟ್ಟೆಗೆ ಬಂದಿದೆ. ಉಳಿದ ಮಣ್ಣನ್ನು ಎಮ್ಮೆಗಳು ತುಳಿದು ಕಲಕಿವೆ. ಚೆನ್ನಾಗಿ ನೋಡಿಕೊಂಡ ಕೆರೆಯಲ್ಲಿ ಓದಲು ಬರುವ ಪದರ ಇರುವುದಿಲ್ಲ. ಪದರ ಇದ್ದರೆ ಆ ಕೆರೆಯನ್ನು ಜನ ಕೈಬಿಟ್ಟಿದ್ದರು ಎಂದರ್ಥ.

ಈಗಿನ ಹೂಳೆತ್ತುವ ಕೆಲಸ ಬೇರೆ ಬಗೆಯದು. ಗುಬ್ಬಿ ತಾಲ್ಲೂಕಿನ ಒಂದು ಕೆರೆಯಂಗಳದಲ್ಲಿ ಜೆಸಿಬಿ ಅಗೆಯುವುದನ್ನು ನಾನು ಒಂದು ಮಧ್ಯಾಹ್ನವಿಡೀ ನೋಡುತ್ತಾ ನಿಂತಿದ್ದೆ. ಗಾಡಿಯ ಕಾಲದಲ್ಲಿ ಗೇಣು ಎರಡು ಗೇಣು ತೆಗೆಯುತ್ತಿದ್ದ ಕಡೆ ಈಗ ಒಂದೇ ಸಲಕ್ಕೆ ಆಳುದ್ದ ಗುಂಡಿ ಬೀಳುತ್ತದೆ. ಗುಂಡಿಯ ಗೋಡೆಯಲ್ಲಿ ಕಪ್ಪು ಮಣ್ಣು, ಅದರ ಕೆಳಗೆ ಮರಳಿನ ಗೆರೆ, ಮತ್ತೆ ಕಪ್ಪು ಕಾಣುತ್ತಿತ್ತು. ಟ್ರ್ಯಾಕ್ಟರ್ ತುಂಬಿಸಿಕೊಳ್ಳುತ್ತಿದ್ದ ರೈತರೊಬ್ಬರಿಗೆ ಆ ಗೆರೆಗಳನ್ನು ತೋರಿಸಿದೆ. ‘ಅದು ಯಾವುದೋ ದೊಡ್ಡ ಮಳೆ ತಂದಿದ್ದು’ ಎಂದು ಅವರು ಸಹಜವಾಗಿ ಹೇಳಿದರು. ವಿದ್ಯೆ ಅವರಿಗೂ ಗೊತ್ತು. ಇಸವಿಯೊಂದು ಬೇಕು, ಅಷ್ಟೆ. ಹೂಳೆತ್ತಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ, ಕೆರೆ ಇರುವುದು ನೀರಿಗೆ. ಯಂತ್ರ ಇಳಿಸುವ ಮೊದಲು ಒಂದು ಕೊಳವೆ ಮಣ್ಣು ತೆಗೆದಿಟ್ಟರೆ ಸಾಕು. 1963ರ ಸುಮಾರಿಗೆ ಪರಮಾಣು ಪರೀಕ್ಷೆಗಳ ಧೂಳು ಜಗತ್ತಿನೆಲ್ಲೆಡೆ ಬಿದ್ದ ಗುರುತು ಮಣ್ಣಿನಲ್ಲಿ ಸೀಸಿಯಂ ರೂಪದಲ್ಲಿ ಉಳಿದಿರುತ್ತದೆ. ಆ ಒಂದು ಗೆರೆಯಿಂದ ಮೇಲಕ್ಕೂ ಕೆಳಕ್ಕೂ ಲೆಕ್ಕ ಹಿಡಿಯಬಹುದು.

ಕಲಕದ ಕೆಸರು ಬೇಕೆಂದರೆ ಮನುಷ್ಯನ ಸನಿಕೆ, ಎಮ್ಮೆಯ ಗೊರಸು ತಲುಪದ ಜಾಗಕ್ಕೆ ಹೋಗಬೇಕು.

ಕಾರವಾರದ ಕೆಸರು

ಜೂನ್ ತಿಂಗಳಲ್ಲಿ ನಮಗೆ ಮಳೆ ತರುವ ಗಾಳಿ ಮೊದಲು ಅರಬ್ಬೀ ಸಮುದ್ರವನ್ನು ಉಳುತ್ತದೆ. ಸೊಮಾಲಿಯಾ, ಓಮನ್ ತೀರಗಳಲ್ಲಿ ಆ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ದಡದಿಂದಾಚೆಗೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಆಳದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟಿನಂಥ ಪೋಷಕಗಳು ತುಂಬಿರುತ್ತವೆ. ಬಿಸಿಲು ಸಿಕ್ಕ ಕೂಡಲೇ ಸಸ್ಯಪ್ಲವಕಗಳು ಬೆಳೆಯುತ್ತವೆ, ಅವನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಅವುಗಳ ಹಿಂದೆ ಮೀನು. ಮಂಗಳೂರು, ಮಲ್ಪೆ, ಕಾರವಾರದ ಕಡಲಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಇದೇ ಬಗೆಯ ಏರುನೀರು ಇರುತ್ತದೆ. ನಮಗೆ ಬಿತ್ತನೆಯ ಕಾಲ ಬಂದಾಗ ಕಡಲಿಗೂ ಬಿತ್ತನೆಯ ಕಾಲ.

ಈ ಸೂಕ್ಷ್ಮಜೀವಿಗಳಲ್ಲಿ ಫೊರಾಮಿನಿಫೆರಾ ಎಂಬ ಗುಂಪು ನಮ್ಮ ಕತೆಗೆ ಮುಖ್ಯ. ಒಂದೇ ಕೋಶದ ಜೀವಿ, ಮರಳಿನ ಕಣದಷ್ಟು ಗಾತ್ರ, ಮೈಮೇಲೆ ಬಹುಪಾಲು ಸುಣ್ಣದ ಚಿಪ್ಪು. ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಹೂತು ಉಳಿಯುತ್ತದೆ. ಒಂದೊಂದು ಜಾತಿಗೂ ಒಂದೊಂದು ಬಗೆಯ ನೀರು ಇಷ್ಟ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬುದಕ್ಕೆ ಆಳದಿಂದ ಏರಿ ಬಂದ ತಣ್ಣೀರು ಬೇಕು. ಆದ್ದರಿಂದ ಓಮನ್ ಬಳಿಯ ಕೆಸರಿನ ಒಂದು ಪದರದಲ್ಲಿ ಅದರ ಚಿಪ್ಪು ಹೆಚ್ಚಿದ್ದರೆ ಆ ಕಾಲದಲ್ಲಿ ಮುಂಗಾರಿನ ಗಾಳಿ ಜೋರಾಗಿತ್ತು ಎಂದರ್ಥ. ಭಾರತದ ಅನಿಲ್ ಕೆ. ಗುಪ್ತ ಮತ್ತು ಅಮೆರಿಕದ ಡೇವಿಡ್ ಆಂಡರ್ಸನ್, ಜೊನಾಥನ್ ಓವರ್‌ಪೆಕ್ ಈ ಚಿಪ್ಪುಗಳನ್ನು ಎಣಿಸಿ, ಕಳೆದ ನಾಲ್ಕು ಶತಮಾನಗಳಲ್ಲಿ ಮುಂಗಾರಿನ ಗಾಳಿ ಬಲಗೊಳ್ಳುತ್ತಾ ಬಂದಿದೆ ಎಂದು 2002ರಲ್ಲಿ ತೋರಿಸಿದರು. ಮರುವರ್ಷ ಅದೇ ಲೆಕ್ಕವನ್ನು ಸುಮಾರು ಹತ್ತು ಸಾವಿರ ವರ್ಷ ಹಿಂದಕ್ಕೆ ಒಯ್ದು, ಉತ್ತರ ಅಟ್ಲಾಂಟಿಕ್ ತಣ್ಣಗಾದ ಶತಮಾನಗಳಲ್ಲಿ ನಮ್ಮ ಮುಂಗಾರು ಸೊರಗಿದ್ದನ್ನು ಕಂಡರು.

ಅರಬ್ಬೀ ಸಮುದ್ರ ಇಂಥ ದಾಖಲೆ ಇಡಲು ಹೇಳಿ ಮಾಡಿಸಿದ ಜಾಗ. ಸುಮಾರು 200 ಮೀಟರಿನಿಂದ 1000 ಮೀಟರ್ ಆಳದವರೆಗೆ ಇಲ್ಲಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೇಲೆ ಅಷ್ಟೊಂದು ಜೀವ ಹುಟ್ಟಿ ಸತ್ತು ಕೊಳೆಯುವುದರಿಂದಲೇ ಕೆಳಗೆ ಈ ಉಸಿರುಕಟ್ಟು. ಆ ಆಳದ ತಳದಲ್ಲಿ ಮಣ್ಣು ಕಲಕುವ ಹುಳುಗಳಿಗೆ ಬದುಕುವುದು ಕಷ್ಟ. ಪಾಕಿಸ್ತಾನದ ತೀರದಾಚೆ ಕೆಲವು ಕಡೆ ವರ್ಷಕ್ಕೊಂದರಂತೆ ಪದರಗಳು ಕಲಕದೆ ಕೂತಿರುವುದು ಇದರಿಂದಲೇ. ನಮ್ಮ ಕೆರೆಯಲ್ಲಿ ಎಮ್ಮೆ ಮಾಡಿದ ಕೆಲಸವನ್ನು ಅಲ್ಲಿ ಮಾಡುವವರಿಲ್ಲ.

ನಮ್ಮದೇ ಕರಾವಳಿಯಲ್ಲೂ ಈ ಓದು ನಡೆದಿದೆ. ಕಾರವಾರದ ಆಚೆಯ ಕಡಲಿನಿಂದ ತೆಗೆದ ಕೆಸರಿನಲ್ಲಿ ಪರಾಗವನ್ನು ಎಣಿಸಿದ ಕ್ಲೋಡ್ ಕರಾತಿನಿ ಮತ್ತು ಸಂಗಡಿಗರು, ಸುಮಾರು 3500 ವರ್ಷಗಳ ಹಿಂದಿನಿಂದ ಕಾಂಡ್ಲಾ ಕಾಡಿನ, ಘಟ್ಟದ ಹಸಿರು ಕಾಡಿನ ಪರಾಗ ಇಳಿಮುಖವಾದುದನ್ನು ಕಂಡು, ಆಗ ಹವೆ ಒಣಗಿತೆಂದು 1994ರಲ್ಲಿ ಬರೆದರು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾಳಿ ನದಿ ಕಡಲಿಗೆ ಸೇರುವ ಕಡೆಯ ಫೊರಾಮಿನಿಫೆರಾಗಳನ್ನು ನೋಡಿದರು. ನದಿಯ ಸಿಹಿನೀರು ಹೆಚ್ಚು ಬಂದಾಗ ಒಂದು ಬಗೆಯ ಚಿಪ್ಪು, ಕಡಿಮೆ ಬಂದಾಗ ಇನ್ನೊಂದು ಬಗೆಯದು ಮೇಲುಗೈಯಾಗುತ್ತದೆ. ಆ ಏರಿಳಿತದಲ್ಲಿ ಅವರು ಸುಮಾರು 77 ವರ್ಷಕ್ಕೊಮ್ಮೆ ಬರುವ ಬರದ ಆವರ್ತನವನ್ನು 1995ರಲ್ಲಿ ಸೂಚಿಸಿದರು. ಆ 77ನ್ನು ಪಂಚಾಂಗದಂತೆ ಬಳಸಬಾರದು, ಅದೊಂದು ಊಹೆ. ಆದರೆ ಕಾಳಿಯ ಮುಖದ ಕೆಸರಿನಲ್ಲಿ ಘಟ್ಟದ ಮಳೆಯ ಲೆಕ್ಕ ಇದೆ ಎಂಬ ಮಾತು ಗಟ್ಟಿ. ಅದೇ ಉತ್ತರ ಕನ್ನಡದ ಅಕಳಗವಿಯಲ್ಲಿ ತೊಟ್ಟಿಕ್ಕಿದ ಸುಣ್ಣದ ನೀರು ಕಟ್ಟಿದ ಕಂಬವೊಂದರಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಓದಿದ ಅಧ್ಯಯನ 2004ರಲ್ಲಿ ಬಂತು. ಕಡಲಿನ ಸಾಕ್ಷ್ಯವನ್ನು ಒರೆಗೆ ಹಚ್ಚಲು ನೆಲದ ಮೇಲೆ ಇಂಥ ಇನ್ನೊಂದು ಸಾಕ್ಷಿ ಬೇಕು.

ಕಡಲಿನ ದಾಖಲೆಗೂ ಮಿತಿಗಳಿವೆ. ಚಿಪ್ಪಿನ ವಯಸ್ಸನ್ನು ರೇಡಿಯೊಕಾರ್ಬನ್ನಿನಿಂದ ಅಳೆದರೆ ಅದು ಇರುವುದಕ್ಕಿಂತ ಸುಮಾರು 400 ವರ್ಷ ಹೆಚ್ಚು ತೋರಿಸುತ್ತದೆ, ಯಾಕೆಂದರೆ ಕಡಲ ನೀರಿನಲ್ಲಿರುವ ಇಂಗಾಲವೇ ಹಳೆಯದು. ಅದನ್ನು ಕಳೆದು ಸರಿಪಡಿಸಬೇಕು. ಗಾಳಿ ಜೋರಾಯಿತೆಂದರೆ ಎಲ್ಲ ಊರಿನಲ್ಲೂ ಮಳೆ ಹೆಚ್ಚಿತೆಂದಲ್ಲ. ಅದಕ್ಕಿಂತ ಮುಖ್ಯವಾದ ತೊಡಕು ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ಘಟ್ಟದ ಮಳೆಯ ನೆರಳಿನಲ್ಲಿರುವ ತುಮಕೂರಿಗೆ ಜೂನ್, ಜುಲೈನ ಮುಂಗಾರು ತುಂತುರು. ಇಲ್ಲಿನ ಕೆರೆ ತುಂಬಿಸುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳು, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ತನಕದ ಮಳೆ. ಬಿದ್ದ ನೀರು ಪಡುವಣ ಕಡಲಿಗೆ ಹೋಗುವುದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ, ಕುಣಿಗಲ್ ಸೀಮೆ ಹಾದು ಕಾವೇರಿ ಸೇರುತ್ತದೆ, ಅಲ್ಲೇ ಹುಟ್ಟುವ ಜಯಮಂಗಲಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೆ. ಹಾಗಾಗಿ ಕಾರವಾರದ ಕೆಸರಿನಿಂದ ಗುಬ್ಬಿಯ ಒಂದೊಂದು ವರ್ಷದ ಮಳೆಯನ್ನು ಹೆಕ್ಕಲಾಗದು. ಹಲವು ದಶಕಗಳ ಮಟ್ಟಿಗೆ ಕಾಲ ಹಸಿಯಿತ್ತೋ ಒಣಗಿತ್ತೋ ಎಂದು ತಿಳಿಯಬಹುದು. ಏನೂ ಇಲ್ಲದಿದ್ದ ಕಡೆ ಇದೂ ದೊಡ್ಡದೇ.

ಬೂತಾಯಿಯ ಪಾಠ

ಗಾಳಿ ಏರಿಳಿದರೆ ಕಡಲಿನ ಬದುಕಿಗೆ ಏನಾಗುತ್ತದೆ? ನಮ್ಮ ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಬೂತಾಯಿ. ಕೊಂಕಣಿಯವರು ತಾರ್ಲಿ ಎನ್ನುವ ಈ ಮೀನು ಮುಖ್ಯವಾಗಿ ಪ್ಲವಕ ತಿಂದು ಬದುಕುತ್ತದೆ. ಫ್ರಾಗಿಲೇರಿಯಾ ಓಶಿಯಾನಿಕಾ ಎಂಬ ಒಂದು ಡಯಾಟಮ್ ಹೇರಳವಾದ ವರ್ಷ ಬೂತಾಯಿಯೂ ಹೇರಳ ಎಂದು 1955ರಲ್ಲೇ ನಾಯರ್ ಮತ್ತು ಸುಬ್ರಹ್ಮಣ್ಯನ್ ಬರೆದಿದ್ದರು. ಗಾಳಿ, ಏರುನೀರು, ಡಯಾಟಮ್, ಬೂತಾಯಿ ಎಂಬ ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಬಲೆ ಖಾಲಿ.

ಬೂತಾಯಿ ಬರುವುದು, ಬಾರದಿರುವುದು ಕರಾವಳಿಗೆ ಹೊಸದಲ್ಲ. 1940ರ ದಶಕದಲ್ಲಿ ಅದು ತೀರಾ ಇಳಿದಾಗ ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸ್ ಸರ್ಕಾರ ಹಿಡಿಯುವುದರ ಮೇಲೆ ನಿರ್ಬಂಧ ತಂದಿತ್ತು. ನಂತರ ಮೀನು ಮರಳಿತು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದರೆ, 2021ರಲ್ಲಿ ಬಂದದ್ದು 3,300 ಟನ್ನಿನಷ್ಟು ಎಂದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಇಷ್ಟು ದೊಡ್ಡ ಕುಸಿತಕ್ಕೆ ಯಾರು ಹೊಣೆ? ಎಲ್ ನಿನೊ ಎಂದು ಒಬ್ಬರು, ಮರಿಮೀನನ್ನೂ ಬಿಡದ ಬಲೆ ಎಂದು ಇನ್ನೊಬ್ಬರು.

ಈ ಜಗಳಕ್ಕೆ ಹಳೆಯ ಕೆಸರು ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಸಾಂತಾ ಬಾರ್ಬರಾ ಕೊಳ್ಳದಲ್ಲಿ ಆಮ್ಲಜನಕ ಕಡಿಮೆಯಿರುವ ತಳದ ಪದರಗಳಲ್ಲಿ ಮೀನಿನ ಹುರುಪೆಗಳು ಉಳಿದಿವೆ. 1960ರ ದಶಕದಲ್ಲಿ ಅವನ್ನು ಎಣಿಸಿದವರಿಗೆ ಗೊತ್ತಾದದ್ದು: ಯಂತ್ರದೋಣಿ ಬರುವ ಎಷ್ಟೋ ಶತಮಾನಗಳ ಮೊದಲೂ ಅಲ್ಲಿನ ಸಾರ್ಡೀನ್ ಮೀನು ಕುಸಿದಿತ್ತು, ಮತ್ತೆ ಎದ್ದಿತ್ತು. ಕುಸಿಯುವುದು ಕಡಲಿನ ಗುಣ. ಆದರೆ ಕುಸಿದಾಗಲೂ ಎಡೆಬಿಡದೆ ಹಿಡಿದರೆ ಏಳುವುದು ತಡವಾಗುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಊರಿನ ನೂರಾರು ಜನ ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆ ಸೇರಿತು. ರಂಪಣಿ ಮೀನು ದಡಕ್ಕೆ ಬರುವವರೆಗೆ ಕಾಯುತ್ತಿತ್ತು, ಪರ್ಸೀನ್ ಮೀನಿದ್ದಲ್ಲಿಗೇ ಹೋಗುತ್ತದೆ. ಹವಾಮಾನ ಎಷ್ಟು, ಮನುಷ್ಯ ಎಷ್ಟು ಎಂದು ಬೇರ್ಪಡಿಸಬೇಕಾದರೆ ಮನುಷ್ಯನ ಕೈ ಭಾರವಾಗುವ ಮೊದಲಿನ ಲೆಕ್ಕ ಬೇಕೇ ಬೇಕು. ಈ ಕ್ರಮವನ್ನು ಕಲಿತುಕೊಂಡು ನಾನು ಮತ್ತೆ ತುಮಕೂರಿಗೆ ಬರುತ್ತೇನೆ.

ಧಾತು, ಈಶ್ವರ

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇಸವಿ ಸಮೇತ ಸಿಗುವ ಅತಿ ದೊಡ್ಡ ಬರ 1876ರಿಂದ 1878ರದು. ಜನ ಅದನ್ನು ಸಂವತ್ಸರದ ಹೆಸರಿನಿಂದ ಧಾತು ಈಶ್ವರದ ಬರ ಎಂದು ನೆನಪಿಟ್ಟುಕೊಂಡರು. 1876ರಲ್ಲಿ ಮುಂಗಾರು ಸೊರಗಿತು, ಅದರ ಹಿಂದೆ ಬರಬೇಕಿದ್ದ ಹಿಂಗಾರೂ ಕೈಕೊಟ್ಟಿತು. ಕೆರೆ ತುಂಬಿಸುವ ಹಸ್ತ, ಚಿತ್ತೆಯೇ ಇಲ್ಲವಾಯಿತು. ಮರುವರ್ಷವೂ ಮಳೆ ತಡವಾಯಿತು. ದಾಖಲೆಯಲ್ಲಿರುವ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಆಗ ಶಾಂತಸಾಗರದಲ್ಲಿತ್ತು, ಹಿಂದೂ ಮಹಾಸಾಗರವೂ ಎಂದಿನಂತಿರಲಿಲ್ಲ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿ, ಬ್ರೆಜಿಲ್ಲಿನ ಈಶಾನ್ಯ ಭಾಗದಲ್ಲಿ ಜನ ಹಸಿದು ಸತ್ತರು.

ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಸತ್ತವರು ಸುಮಾರು ಹತ್ತು ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇದಕ್ಕೆ ಬರೀ ಮಳೆ ಕಾರಣವೇ? ಮೈಸೂರು ಸೀಮೆಯಲ್ಲಿ ಆಗ ಸುಮಾರು 38,000 ಕೆರೆಗಳಿದ್ದವು. ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಸಂಸ್ಥಾನದ ಮುಖ್ಯ ಎಂಜಿನಿಯರ್ ಆರ್.ಎಚ್. ಸ್ಯಾಂಕಿ 1860ರ ದಶಕದಲ್ಲಿ ಬೆರಗಾಗಿದ್ದರು. ಆದರೆ ಕೆರೆ ನಡೆಸುತ್ತಿದ್ದ ಹಳೆಯ ಮಾನ್ಯ, ಊರೊಟ್ಟಿನ ದುಡಿಮೆ ಸಡಿಲವಾಗಿ, ರಿಪೇರಿಯ ಹೊಣೆ ಸರ್ಕಾರದ ಇಲಾಖೆಗೂ ಊರಿಗೂ ನಡುವೆ ತೂಗಾಡುತ್ತಿತ್ತು. ರೈಲು ಬೆಂಗಳೂರಿಗೆ 1864ರಲ್ಲೇ ಬಂದಿದ್ದರೂ ತುಮಕೂರಿಗೆ ಬಂದದ್ದು ಬರ ಕಳೆದ ಮೇಲೆ, 1880ರ ದಶಕದಲ್ಲಿ. ಬೆಂಗಳೂರಿನ ತನಕ ರೈಲಿನಲ್ಲಿ ಬಂದ ಧಾನ್ಯ ಅಲ್ಲಿಂದ ಗುಬ್ಬಿಗೆ ಎತ್ತಿನ ಗಾಡಿಯಲ್ಲಿ ಬರಬೇಕು. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಹಣವಿಲ್ಲದವರಿಗೆ ಬಂದ ಧಾನ್ಯವೂ ಸಿಗುತ್ತಿರಲಿಲ್ಲ. ಆ ಕಾಲದಲ್ಲಿ ಮದ್ರಾಸಿನ ಪರಿಹಾರ ಸಮಿತಿಯಲ್ಲಿ ದುಡಿದ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಈ ಬರದ ಕತೆ ಬರೆದರು. ಅದನ್ನು ಓದಿದರೆ ಮಳೆಯ ಸುದ್ದಿಗಿಂತ ಆಡಳಿತದ ಸುದ್ದಿಯೇ ಹೆಚ್ಚು.

ಓಮನ್ನಿನ ಕೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನ ಹದಿನೇಳನೆಯದಕ್ಕಿಂತ ಬಲವಾದ ಗಾಳಿಯ ಕಾಲ. ಅಂಥ ಕಾಲದ ನಡುವೆಯೇ ಎರಡು ಮೂರು ವರ್ಷದ ಮಳೆ ತಪ್ಪಿ ಹತ್ತು ಲಕ್ಷ ಜನ ಸತ್ತರು. ಕಡಲ ತಳದ ಪದರ ಅಷ್ಟು ಸಣ್ಣ ಅವಧಿಯನ್ನು ಹಿಡಿದಿಡುವುದು ಅಪರೂಪ. ಹಿಡಿದಿಟ್ಟರೂ ಅದರಲ್ಲಿ ಸತ್ತವರ ಲೆಕ್ಕವಿರುವುದಿಲ್ಲ. ಆ ಲೆಕ್ಕಕ್ಕೆ ಜನಗಣತಿ, ಕಡತ, ಊರಿನ ನೆನಪೇ ಬೇಕು. ಮಳೆ ಎಷ್ಟು ತಪ್ಪಿತು ಎಂಬುದನ್ನು ಕಡಲು ಹೇಳಲಿ, ತಪ್ಪಿದ ಮಳೆ ಯಾರ ಮನೆಯ ಒಲೆಯನ್ನು ಆರಿಸಿತು, ಯಾರದನ್ನು ಆರಿಸಲಿಲ್ಲ ಎಂಬುದನ್ನು ಚರಿತ್ರೆಯೇ ಹೇಳಬೇಕು. ಮೊದಲನೆಯದು ಗೊತ್ತಿಲ್ಲದಿದ್ದರೆ ಎಲ್ಲ ಸಾವನ್ನೂ ವಿಧಿಯ ಮೇಲೆ ಹಾಕಿಬಿಡಬಹುದು. 1877ರ ಆಡಳಿತಗಾರರು ಮಾಡಿದ್ದು ಬಹುಮಟ್ಟಿಗೆ ಅದನ್ನೇ.

ಸರಾಸರಿ ಎಂಬ ಮಾತು

ಇದು ಹಳೆಯ ಕತೆಯಾಗಿ ಮುಗಿಯುವುದಿಲ್ಲ. ಇವತ್ತು ಗುಬ್ಬಿಯ ಕಡಬ ಕೆರೆ, ತುಮಕೂರು ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆ ತುಂಬುವುದಕ್ಕೆ ಹಸ್ತ, ಚಿತ್ತೆಗಿಂತ ಹೆಚ್ಚಾಗಿ ಹೇಮಾವತಿ ನಾಲೆ ನಂಬಿಕೆ. ಮೂಡಿಗೆರೆ ಸೀಮೆಯ ಘಟ್ಟದಲ್ಲಿ ಹುಟ್ಟುವ ಹೇಮಾವತಿಯನ್ನು ಗೊರೂರಿನಲ್ಲಿ ಕಟ್ಟಿ ನಾಲೆಯಲ್ಲಿ ಇಲ್ಲಿಗೆ ತರುತ್ತೇವೆ. ಶತಮಾನಗಳ ಕಾಲ ಹಿಂಗಾರಿನ ಕಡೆ ಮುಖ ಮಾಡಿದ್ದ ನಮ್ಮ ಕೆರೆಗಳು ಈಗ ಘಟ್ಟದ ಮುಂಗಾರಿಗೆ ಕಟ್ಟುಬಿದ್ದಿವೆ. ಹಿಂದೆ ಕಾರವಾರದ ಕೆಸರು ಗುಬ್ಬಿಗೆ ದೂರದ ಸಾಕ್ಷಿಯಾಗಿತ್ತು. ಈಗ ಅದು ಹತ್ತಿರದ ಸಾಕ್ಷಿ. ಘಟ್ಟದ ಮುಂಗಾರು ನೂರು ವರ್ಷಕ್ಕೊಮ್ಮೆ ಎಷ್ಟು ಇಳಿಯಬಲ್ಲದು ಎಂಬುದು ಗುಬ್ಬಿಯ ನಲ್ಲಿಗೆ ಸೇರಿದ ಪ್ರಶ್ನೆಯಾಗಿದೆ.

ಆ ನೀರಿಗಾಗಿ ಜಿಲ್ಲೆಯೊಳಗೇ ಜಗಳವಿದೆ. ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ದೊಡ್ಡ ಪ್ರತಿಭಟನೆ ಮಾಡಿದರು. ನಾಲೆಯ ಕೊನೆಯಲ್ಲಿರುವ ನಮಗೆ ಪಾಲಿನ ನೀರು ಬರುವುದೇ ಇಲ್ಲ ಎನ್ನುತ್ತಾರೆ ಕುಣಿಗಲ್ಲಿನವರು. ನಡುವೆ ಇರುವ ನಮ್ಮ ಪಾಲು ಬತ್ತುತ್ತದೆ ಎನ್ನುತ್ತಾರೆ ಗುಬ್ಬಿಯವರು, ತುಮಕೂರಿನವರು. ಎರಡು ಕಡೆಯ ಆತಂಕವೂ ನಿಜ. ನನ್ನ ನೆಂಟರು ಎರಡು ಕಡೆಯೂ ಇದ್ದಾರೆ.

ಎರಡೂ ಕಡೆಯವರು ಹಂಚಿಕೊಳ್ಳಲು ಹೊರಟಿರುವ ರಾಶಿಯ ಅಳತೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಇಡೀ ಕಣಿವೆಯ ನೀರನ್ನು 740 ಟಿಎಂಸಿ ಎಂದು ಹಿಡಿಯಿತು. ಅದು ಶೇಕಡಾ 50ರ ಭರವಸೆಯ ಲೆಕ್ಕ. ಅಂದರೆ ನೂರು ವರ್ಷಗಳಲ್ಲಿ ಐವತ್ತು ವರ್ಷ ಇಷ್ಟು ನೀರು ಇರಬಹುದು, ಉಳಿದ ಐವತ್ತು ವರ್ಷ ಇರಲಿಕ್ಕಿಲ್ಲ. ಈ ಲೆಕ್ಕವನ್ನು ಕಟ್ಟಿದ್ದು ಇಪ್ಪತ್ತನೆಯ ಶತಮಾನದ ಕೆಲವು ದಶಕಗಳ ಹರಿವಿನ ಅಂಕಿಗಳ ಮೇಲೆ. ಆ ದಶಕಗಳು ಕಳೆದ ನಾಲ್ಕು ನೂರು ವರ್ಷಗಳ ನಡುವೆ ಹಸಿಯವೋ, ಒಣಗಿದವೋ, ನಡುವಿನವೋ? ಓಮನ್ನಿನ ಚಿಪ್ಪುಗಳ ಮಾತನ್ನು ನಂಬುವುದಾದರೆ ಅವು ಬಲವಾದ ಮುಂಗಾರಿನ ದಿನಗಳು. ನಾವು ಸರಾಸರಿ ಎಂದುಕೊಂಡಿರುವುದು ಒಂದು ಒಳ್ಳೆಯ ಕಾಲದ ನೆನಪಾಗಿರಬಹುದು. ಕಡಲು ಬೆಚ್ಚಗಾಗುತ್ತಿರುವ ಈ ದಿನಗಳಲ್ಲಿ ಮುಂದೆ ಏನಾಗುತ್ತದೆ ಎಂಬುದಂತೂ ಹಳೆಯ ಕೆಸರಿನಲ್ಲಿಯೂ ಬರೆದಿಲ್ಲ.

ಹೂಳೆತ್ತುವ ಯೋಜನೆಗೂ ನಾಲೆಯ ಯೋಜನೆಗೂ ನಮ್ಮಲ್ಲಿ ಹಣವಿದೆ, ಎಂಜಿನಿಯರುಗಳಿದ್ದಾರೆ. ಯಂತ್ರ ಇಳಿಯುವ ಮುನ್ನ ಕೆರೆಯಂಗಳದ ಒಂದು ಕೊಳವೆ ಮಣ್ಣನ್ನು ಜೋಪಾನ ಮಾಡುವುದು, ನಮ್ಮ ಕರಾವಳಿಯ ಕೆಸರಿನ ಓದನ್ನು ಮುಂದುವರಿಸುವುದು, ಅದರ ಪಕ್ಕದಲ್ಲಿ ಶಾಸನ, ಕಡತ, ಹಾಡುಗಳನ್ನಿಟ್ಟು ನೋಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಆದರೆ ಇವು ಒಬ್ಬರ ಕೆಲಸವೂ ಅಲ್ಲ. ಭೂವಿಜ್ಞಾನದವರು, ಮೀನುಗಾರಿಕೆಯವರು, ಚರಿತ್ರೆಯವರು, ಕನ್ನಡದವರು ಒಂದೇ ಮೇಜಿಗೆ ಬರಬೇಕು. ಅಲ್ಲಿಯ ತನಕ ನನ್ನ ಪ್ರಬಂಧದ ಅಧ್ಯಾಯವೊಂದರಲ್ಲಿ ಕೆರೆಗಳ ಪಟ್ಟಿಯ ಪಕ್ಕ ಒಂದು ಕಂಬಸಾಲನ್ನು ಖಾಲಿ ಬಿಟ್ಟಿದ್ದೇನೆ. ಕೆರೆಯ ಹೆಸರು, ಕಟ್ಟಿಸಿದವರು, ಶಾಸನದ ತೇದಿ ತುಂಬಿವೆ. ಕೊನೆಯ ಸಾಲಿಗೆ ‘ಆ ಕಾಲದ ಮಳೆ’ ಎಂದು ಹೆಸರು.